ಕ್ಲಚ್ ಚಾರ್ಟ್: ಆಟೋಮ್ಯಾಟಿಕ್ ಕಾರಿನ ರಿವರ್ಸ್ ಕೆಟ್ಟಾಗ ಮೊದಲು ನೋಡಬೇಕಾದ ಪಟ್ಟಿ

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಸರ್ವಿಸ್ ಮ್ಯಾನ್ಯುಯಲ್ ತೆರೆದರೆ ಒಂದು ಸಣ್ಣ ಚೌಕಳಿ ಪಟ್ಟಿ ಸಿಗುತ್ತದೆ. ಎಡಗಡೆ ಒಂದರ ಕೆಳಗೊಂದು ಗೇರುಗಳು, ಮೇಲ್ಗಡೆ ಸಾಲಾಗಿ ಕ್ಲಚ್ ಮತ್ತು ಬ್ರೇಕುಗಳ ಹೆಸರು, ಮನೆಗಳಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ. ಯಾವ ಗೇರಿನಲ್ಲಿ ಯಾವ ಕ್ಲಚ್ ಹಿಡಿದಿರುತ್ತದೆ ಎಂದು ಆ ಚುಕ್ಕೆಗಳು ಹೇಳುತ್ತವೆ. ಇದರ ಹೆಸರು ಕ್ಲಚ್ ಅಪ್ಲಿಕೇಶನ್ ಚಾರ್ಟ್. ಚಿಕ್ಕದಾಗಿ ಕ್ಲಚ್ ಚಾರ್ಟ್ ಅಥವಾ ಅಪ್ಲೈ ಚಾರ್ಟ್ ಅನ್ನುತ್ತಾರೆ. ರಿವರ್ಸ್ ಹಿಡಿಯದ ಕಾರು ಬಂದು ನಿಂತಾಗ, ಒಂದು ಬೋಲ್ಟನ್ನೂ ಬಿಚ್ಚದೆ ದೋಷ ಯಾವ ಭಾಗದಲ್ಲಿದೆ ಎಂದು ಹತ್ತಿರಕ್ಕೆ ಕರೆದೊಯ್ಯುವುದು ಈ ಪಟ್ಟಿ. ಅದನ್ನು ನೋಡದೆಯೇ "ಸಾರ್, ರಿವರ್ಸ್ ಹೋಗಿದೆ, ಬಾಕ್ಸ್ ಇಳಿಸ್ಬೇಕು" ಅನ್ನುವುದು ಗಾಡಿಯ ಮಾಲೀಕರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಇಳಿಸಿದ ಬಾಕ್ಸನ್ನು ಮತ್ತೆ ಏರಿಸುವ ಹೊತ್ತಿಗೆ ಬಿಲ್ಲು ಎಲ್ಲಿಗೆ ಮುಟ್ಟುತ್ತದೆ ಎಂದು ಅನುಭವಿಸಿದವರಿಗೆ ಗೊತ್ತು.

ಮ್ಯಾನ್ಯುಯಲ್ ಗಾಡಿ ಓಡಿಸಿ ರೂಢಿಯಾದವರ ಮನಸ್ಸಿನಲ್ಲಿ ರಿವರ್ಸ್ ಎಂದರೆ ಒಂದು ಪ್ರತ್ಯೇಕ ಹಲ್ಲುಚಕ್ರ. ಅಲ್ಲಿ ಅದು ಸರಿ. ಎರಡು ಚಕ್ರಗಳ ನಡುವೆ ಐಡ್ಲರ್ ಎಂಬ ಮೂರನೆಯದು ಸೇರಿಕೊಂಡು ತಿರುಗುವ ದಿಕ್ಕನ್ನು ಬದಲಿಸುತ್ತದೆ. ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್‌ನಲ್ಲಿ ಹಾಗೆ ಕೈಗೆತ್ತಿಕೊಂಡು ತೋರಿಸಬಹುದಾದ ರಿವರ್ಸ್ ಗೇರ್ ಎಂಬ ವಸ್ತುವೇ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿರುವುದು ಪ್ಲಾನೆಟರಿ ಗೇರ್ ಸೆಟ್: ಮಧ್ಯದಲ್ಲಿ ಸನ್ ಗೇರ್, ಅದರ ಸುತ್ತ ಪ್ಲಾನೆಟ್ ಗೇರುಗಳು, ಅವನ್ನು ಹೊತ್ತ ಕ್ಯಾರಿಯರ್, ಎಲ್ಲದರ ಹೊರಗೆ ರಿಂಗ್ ಗೇರ್. ಕ್ಯಾರಿಯರ್ ಅಲುಗಾಡದಂತೆ ಹಿಡಿದು ಸನ್ ಗೇರನ್ನು ತಿರುಗಿಸಿದರೆ ರಿಂಗ್ ಗೇರ್ ಹಿಂದುಮುಂದಾಗಿ ತಿರುಗುತ್ತದೆ. ಅದೇ ಹಲ್ಲುಗಳು, ಅದೇ ಚಕ್ರಗಳು. ಯಾವುದನ್ನು ಹಿಡಿದು ಯಾವುದನ್ನು ತಿರುಗಿಸಿದೆವು ಎಂಬುದರ ಮೇಲೆ ಮುಂದಕ್ಕೋ ಹಿಂದಕ್ಕೋ ತೀರ್ಮಾನವಾಗುತ್ತದೆ. ತಿರುಗಿಸುವ ಶಕ್ತಿಯನ್ನು ದಾಟಿಸುವುದು ಕ್ಲಚ್, ಬಾಕ್ಸಿನ ಗೋಡೆಗೆ ಕಟ್ಟಿ ನಿಲ್ಲಿಸುವುದು ಬ್ರೇಕ್. ಎರಡರಲ್ಲೂ ಇರುವುದು ಎಣ್ಣೆಯಲ್ಲಿ ನೆನೆದ ಪ್ಲೇಟುಗಳು. ಅವನ್ನು ಒತ್ತಿ ಹಿಡಿಯುವುದೂ ಪಂಪಿನಿಂದ ಬರುವ ಎಣ್ಣೆಯ ಒತ್ತಡವೇ. ಕೆಲವು ಬಾಕ್ಸುಗಳಲ್ಲಿ ಬ್ರೇಕಿನ ಜಾಗದಲ್ಲಿ ಡ್ರಮ್ಮನ್ನು ಸುತ್ತಿ ಬಿಗಿಯುವ ಉಕ್ಕಿನ ಪಟ್ಟಿ, ಅಂದರೆ ಬ್ಯಾಂಡ್, ಇರುತ್ತದೆ.

ಬ್ಯಾಂಕಿನ ಲಾಕರ್ ತೆರೆಯಲು ನಮ್ಮ ಕೀಲಿಯೂ ಬೇಕು, ಬ್ಯಾಂಕಿನವರ ಕೀಲಿಯೂ ಬೇಕು. ಆರು ಸ್ಪೀಡಿನ ಆಟೋಮ್ಯಾಟಿಕ್‌ನ ಪ್ರತಿ ಗೇರಿಗೂ ಹೀಗೆ ಎರಡು ಹಿಡಿತ, ಅಂದರೆ ಕ್ಲಚ್ಚೋ ಬ್ರೇಕೋ ಸೇರಿ ಎರಡು, ಬೇಕು, ರಿವರ್ಸಿಗೂ ಅಷ್ಟೇ. ಆ ಎರಡೂ ಹಿಡಿತಗಳಿಗೆ ಬೇರೆ ಗೇರುಗಳಲ್ಲೂ ಕೆಲಸವಿರುತ್ತದೆ. ಆದ್ದರಿಂದ ರಿವರ್ಸಿನ ದೋಷ ಹುಡುಕಲು ರಿವರ್ಸನ್ನೇ ದಿಟ್ಟಿಸುತ್ತ ಕೂತರೆ ಪ್ರಯೋಜನ ಕಡಿಮೆ, ಉಳಿದ ಗೇರುಗಳನ್ನು ವಿಚಾರಿಸಬೇಕು.

ಜರ್ಮನಿಯ ಜಡ್‌ಎಫ್ ಕಂಪನಿಯ 6ಎಚ್‌ಪಿ ಗೇರ್‌ಬಾಕ್ಸನ್ನೇ ನೋಡೋಣ. 2001ರಲ್ಲಿ ಬಿಎಂಡಬ್ಲ್ಯು 7 ಸೀರೀಸ್ ಜೊತೆ ಬಂದ ಇದು, ಮುಂದೆ ಹಲವು ಕಂಪನಿಗಳ ಕಾರುಗಳೊಳಗೆ ಸೇರಿತು. ಇದರಲ್ಲಿ ಎ, ಬಿ, ಇ ಎಂಬ ಮೂರು ಕ್ಲಚ್, ಸಿ ಮತ್ತು ಡಿ ಎಂಬ ಎರಡು ಬ್ರೇಕ್. ಒಂದನೇ ಗೇರಿಗೆ ಎ ಮತ್ತು ಡಿ, ಎರಡಕ್ಕೆ ಎ ಮತ್ತು ಸಿ, ಮೂರಕ್ಕೆ ಎ ಮತ್ತು ಬಿ, ನಾಲ್ಕಕ್ಕೆ ಎ ಮತ್ತು ಇ, ಐದಕ್ಕೆ ಬಿ ಮತ್ತು ಇ, ಆರಕ್ಕೆ ಸಿ ಮತ್ತು ಇ. ರಿವರ್ಸಿಗೆ ಬಿ ಮತ್ತು ಡಿ. ಐದೇ ಹಿಡಿತದಲ್ಲಿ ಏಳು ಗೇರು! ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕೆಲಸ ತೆಗೆದಿರುವುದನ್ನು ಕಂಡರೆ ನನಗೆ ಈಗಲೂ ಸಂತೋಷವಾಗುತ್ತದೆ.

ಈಗ ಈ ಬಾಕ್ಸ್ ಇರುವ ಕಾರಿನಲ್ಲಿ ರಿವರ್ಸ್ ಹಾಕಿದರೆ ಎಂಜಿನ್ ಸುಮ್ಮನೆ ಕೂಗುತ್ತದೆ, ಗಾಡಿ ಅಲುಗುವುದಿಲ್ಲ ಎಂದಿಟ್ಟುಕೊಳ್ಳಿ. ಖಾಲಿ ರಸ್ತೆಯಲ್ಲಿ ಮುಂದಕ್ಕೆ ಓಡಿಸಿ ನೋಡಬೇಕು. ಎರಡು, ನಾಲ್ಕು, ಆರು ಚೆನ್ನಾಗಿದ್ದು, ಮೂರಕ್ಕೂ ಐದಕ್ಕೂ ಬೀಳುವಾಗ ಮಾತ್ರ ಆರ್‌ಪಿಎಂ ಸರ್ರನೆ ಮೇಲೇರಿದರೆ ಬಿ ಕ್ಲಚ್ಚಿನ ಮೇಲೆ ಅನುಮಾನ. ಏಕೆಂದರೆ ಮೂರು, ಐದು, ರಿವರ್ಸ್ ಈ ಮೂರಕ್ಕೂ ಸಮಾನವಾಗಿರುವುದು ಅದೊಂದೇ. ಮೂರು ಮತ್ತು ಐದು ಗಟ್ಟಿಯಾಗಿ ಹಿಡಿದು, ಒಂದನೇ ಗೇರಿನಲ್ಲಿ ಹೊರಡುವಾಗ ಜಾರಿದಂತಾದರೆ ಡಿ ಬ್ರೇಕ್. ಮುಂದಿನ ಆರೂ ಗೇರು ಸರಿಯಾಗಿದ್ದು ರಿವರ್ಸ್ ಮಾತ್ರ ಇಲ್ಲವೆಂದರೆ? ಆಗ ಹೆಚ್ಚಿನವರು ಎರಡು ಹಿಡಿತವೂ ನಿರಪರಾಧಿ ಎಂದುಕೊಳ್ಳುತ್ತಾರೆ. ಅವಸರ ಬೇಡ, ಅಲ್ಲೊಂದು ಲೆಕ್ಕ ಇದೆ.

6ಎಚ್‌ಪಿ26 ಎಂಬ ಮಾದರಿಯಲ್ಲಿ ಒಂದನೇ ಗೇರಿನ ಅನುಪಾತ, ಅಂದರೆ ಟಾರ್ಕ್ (ತಿರುಗಿಸುವ ಬಲ) ಎಷ್ಟು ಪಟ್ಟಾಗುತ್ತದೆ ಎಂಬ ಸಂಖ್ಯೆ, 4.171, ರಿವರ್ಸಿನದು 3.403. ಅನುಪಾತ ನೋಡಿದರೆ ರಿವರ್ಸಿನಲ್ಲಿ ಭಾರ ಕಡಿಮೆ ಅನ್ನಿಸುತ್ತದೆ. ಆದರೆ ಡಿ ಬ್ರೇಕಿನ ಪಾಲಿಗೆ ವಿಷಯ ತಿರುಗುಮುರುಗು. ಮುಂದಕ್ಕೆ ಹೋಗುವಾಗ ಅದು ತಡೆಯಬೇಕಾದದ್ದು, ಹೊರಗೆ ಹೋಗುವ ಟಾರ್ಕಿಗೂ ಬಾಕ್ಸಿನ ಮುಂಭಾಗದ ಗೇರ್ ಸೆಟ್ಟಿನಲ್ಲಿ ಹೆಚ್ಚಾಗಿ ಹಿಂಭಾಗದ ಸೆಟ್ಟಿನೊಳಗೆ ಬರುವ ಟಾರ್ಕಿಗೂ ಇರುವ ವ್ಯತ್ಯಾಸವನ್ನಷ್ಟೇ. ಹಿಂದಕ್ಕೆ ಹೋಗುವಾಗ ಎರಡರ ಮೊತ್ತವನ್ನು ತಡೆಯಬೇಕು. ಬಾಕ್ಸಿಗೆ 100 ನ್ಯೂಟನ್ ಮೀಟರ್ ಬಂದರೆ, ಘರ್ಷಣೆಯ ನಷ್ಟ ಬಿಟ್ಟು ಲೆಕ್ಕ ಹಾಕಿದಾಗ, ಒಂದನೇ ಗೇರಿನಲ್ಲಿ ಡಿ ಬ್ರೇಕ್ ಹಿಡಿಯಬೇಕಾದದ್ದು ಸುಮಾರು 265. ರಿವರ್ಸಿನಲ್ಲಿ ಸುಮಾರು 492. ಹತ್ತಿರ ಹತ್ತಿರ ಎರಡರಷ್ಟು. ಒಂದನೇ ಗೇರಿನಲ್ಲಿ ದೂರಿಲ್ಲದೆ ದುಡಿಯುತ್ತಿರುವ ಸವೆದ ಬ್ರೇಕು ರಿವರ್ಸಿನಲ್ಲಿ ಕೈಬಿಡುವುದು ಇದಕ್ಕೇ. ಸವೆದ ಆಟೋಮ್ಯಾಟಿಕ್ ಬಾಕ್ಸುಗಳಲ್ಲಿ ಮೊದಲ ದೂರು ಎಷ್ಟೋ ಸಲ ರಿವರ್ಸಿನಿಂದಲೇ ಬರುವುದಕ್ಕೂ ಇದೊಂದು ಮುಖ್ಯ ಕಾರಣ. ಬಾಕ್ಸ್ ತಯಾರಿಸುವವರಿಗೆ ಇದು ಗೊತ್ತು. ಹಲವು ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ ಲೈನ್ ಪ್ರೆಶರ್, ಅಂದರೆ ಪಂಪ್ ಕೊಡುವ ಮೂಲ ಒತ್ತಡ, ಡ್ರೈವ್‌ಗಿಂತ ರಿವರ್ಸಿನಲ್ಲಿ ಎತ್ತರದಲ್ಲಿರುವುದು ಅದಕ್ಕಾಗಿ. ಪಂಪು ಸವೆದು ಆ ಹೆಚ್ಚಿನ ಒತ್ತಡ ಏಳದಿದ್ದರೆ, ಪ್ಲೇಟುಗಳು ಹೊಸದಾಗಿದ್ದರೂ ರಿವರ್ಸ್ ಜಾರುತ್ತದೆ. ಹಾಗಾಗಿ ಚಾರ್ಟ್ ಕೊಡುವುದನ್ನು ಶಂಕಿತರ ಪಟ್ಟಿ ಎಂದು ಓದಬೇಕು. ತೀರ್ಪಿಗೆ ಪ್ರೆಶರ್ ಗೇಜ್ ಬೇಕು.

ಒಂದು ಕಂಪನಿಯ ಚಾರ್ಟ್ ಇನ್ನೊಂದಕ್ಕೆ ಹೊಂದುವುದಿಲ್ಲ. ಜನರಲ್ ಮೋಟರ್ಸ್‌ನ 6ಟಿ70 ಬಾಕ್ಸಿನಲ್ಲಿ 3-5-ಆರ್ ಕ್ಲಚ್ಚಿನ ವೇವ್ ಪ್ಲೇಟ್ (ಅಲೆಯಂತೆ ಬಾಗಿದ ಪ್ಲೇಟು) ಮುರಿದು ಮೂರು, ಐದು, ರಿವರ್ಸ್ ಒಟ್ಟಿಗೆ ಹೋಗುವುದು ಅಮೆರಿಕದ ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ ದೋಷ. ಅದೇ ಕಂಪನಿಯ ಹಳೆಯ 4ಎಲ್60-ಇ ಬಾಕ್ಸಿನಲ್ಲಿ ಒಂದು ಮತ್ತು ಮೂರು ಉಳಿದು ಎರಡು, ನಾಲ್ಕು, ರಿವರ್ಸ್ ಮಾಯವಾದರೆ ಅವರು ಮೊದಲು ಹೇಳುವ ಹೆಸರು ಸನ್ ಶೆಲ್. ಇದು ಕ್ಲಚ್ಚೂ ಅಲ್ಲ, ಬ್ರೇಕೂ ಅಲ್ಲ. ಸನ್ ಗೇರಿಗೆ ಶಕ್ತಿ ದಾಟಿಸುವ ಬೋಗುಣಿಯಾಕಾರದ ಉಕ್ಕಿನ ಭಾಗ. ಚಾರ್ಟಿನಲ್ಲಿ ಇದಕ್ಕೆ ಸ್ವಂತ ಮನೆಯೇ ಇಲ್ಲ. ಆದರೂ ಎರಡು-ನಾಲ್ಕು ಗೇರಿನ ಬ್ಯಾಂಡೂ, ರಿವರ್ಸಿನ ಕ್ಲಚ್ಚೂ ಇದರ ಮೂಲಕವೇ ಕೆಲಸ ಮಾಡುವುದರಿಂದ, ಕಳೆದುಹೋದ ಗೇರುಗಳ ಗುಂಪೇ ಅದನ್ನು ಬಯಲು ಮಾಡುತ್ತದೆ.

ನಮ್ಮ ರಸ್ತೆಗಳಲ್ಲಿ ಇನ್ನೂ ಓಡಾಡುವ ಫೋಕ್ಸ್‌ವ್ಯಾಗನ್ ವೆಂಟೊ 1.6 ಪೆಟ್ರೋಲ್ ಆಟೋಮ್ಯಾಟಿಕ್‌ನಲ್ಲಿರುವುದು ಜಪಾನಿನ ಐಸಿನ್ ಬಾಕ್ಸ್, ಫೋಕ್ಸ್‌ವ್ಯಾಗನ್ ಹೆಸರಿನಲ್ಲಿ 09ಜಿ. ಅದರ ರಿವರ್ಸಿಗೆ ಕೆ3 ಕ್ಲಚ್ ಮತ್ತು ಬಿ2 ಬ್ರೇಕ್ ಬೇಕು. ಕೆ3 ಮೂರರಲ್ಲೂ ಐದರಲ್ಲೂ ದುಡಿಯುತ್ತದೆ. ಬಿ2ಗೆ ಮುಂದಿನ ಗೇರುಗಳಲ್ಲಿ ಇರುವುದು ಒಂದೇ ಕೆಲಸ: ಒಂದನೇ ಗೇರಿನ ಎಂಜಿನ್ ಬ್ರೇಕಿಂಗ್. ಮಾಮೂಲಿ ಡ್ರೈವ್‌ನಲ್ಲಿ ಹೊರಡುವಾಗ ಆ ಜಾಗವನ್ನು ಒಂದೇ ದಿಕ್ಕಿಗೆ ಮಾತ್ರ ತಿರುಗಲು ಬಿಡುವ ಒನ್-ವೇ ಕ್ಲಚ್ ನೋಡಿಕೊಳ್ಳುತ್ತದೆ. ಹಾಗಾಗಿ ಬಿ2 ಪೂರ್ತಿ ಸತ್ತಿದ್ದರೂ ಗಾಡಿ ಮುಂದಕ್ಕೆ ಏನೂ ಆಗದಂತೆ ಓಡುತ್ತದೆ! ಪರೀಕ್ಷಿಸಲು ಸಣ್ಣ ಇಳಿಜಾರಿನಲ್ಲಿ ಮ್ಯಾನ್ಯುಯಲ್ ಮೋಡಿಗೆ ಹಾಕಿ, ಒಂದನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಎಂಜಿನ್ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿದರೆ ಬಿ2ಗೆ ಜೀವ ಇದೆ. ನ್ಯೂಟ್ರಲ್‌ನಲ್ಲಿದ್ದಂತೆ ಜಾರುತ್ತ ಹೋದರೆ ಕಳ್ಳ ಸಿಕ್ಕಂತೆ.

ಇಷ್ಟೆಲ್ಲ ಟಾರ್ಕ್ ಕನ್ವರ್ಟರ್ ಮಾದರಿಗೆ. ಭಾರತದಲ್ಲಿ ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ನಾಲ್ಕು ಬಗೆಯ ಯಂತ್ರಗಳು ಮಾರಾಟವಾಗುತ್ತವೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿಯ ಒಳಗಿರುವುದು ಮ್ಯಾನ್ಯುಯಲ್ ಬಾಕ್ಸೇ, ಅದಕ್ಕೆ ಐಡ್ಲರ್ ಉಳ್ಳ ನಿಜವಾದ ರಿವರ್ಸ್ ಗೇರ್ ಇದೆ. ಅಲ್ಲಿ ಚಾರ್ಟ್ ಹುಡುಕಬೇಡಿ. ಗೇರ್ ಬದಲಿಸುವ ಆಕ್ಚುಯೇಟರ್, ಬ್ರೇಕ್ ಪೆಡಲಿನ ಸ್ವಿಚ್, ಬ್ಯಾಟರಿ ನೋಡಿ. ಗೇರುಗಳ ಬದಲು ಬೆಲ್ಟು ಪುಲ್ಲಿ ಇರುವ ಸಿವಿಟಿಯಲ್ಲಿ ಡ್ರೈವ್ ಚೆನ್ನಾಗಿದ್ದು ರಿವರ್ಸ್ ಮಾತ್ರ ಇಲ್ಲವೆಂದರೆ ಬೆಲ್ಟು ಪುಲ್ಲಿಗಳ ಮೇಲೆ ಅನುಮಾನ ಕಡಿಮೆ, ರಿವರ್ಸ್ ಬ್ರೇಕಿನ ಮೇಲೆ ಹೆಚ್ಚು. ಫೋಕ್ಸ್‌ವ್ಯಾಗನ್‌ನ ಎರಡು ಕ್ಲಚ್ಚಿನ ಡಿಎಸ್‌ಜಿಗೆ ಮಾತ್ರ ಚಾರ್ಟಿನ ಯೋಚನೆ ಹಾಗೇ ಒಪ್ಪುತ್ತದೆ. ಏಳು ಸ್ಪೀಡಿನ ಡಿಕ್ಯೂ200ರಲ್ಲಿ ರಿವರ್ಸ್ ಇರುವುದು ಎರಡು, ನಾಲ್ಕು, ಆರರ ಜೊತೆ ಕೆ2 ಕ್ಲಚ್ಚಿನ ಮೇಲೆ. ಆರು ಸ್ಪೀಡಿನ ಡಿಕ್ಯೂ250ರಲ್ಲಿ ಒಂದು, ಮೂರು, ಐದರ ಜೊತೆ ಕೆ1ರ ಮೇಲೆ. ಒಂದೇ ಕಂಪನಿ, ಒಂದೇ ಹೆಸರು, ರಿವರ್ಸಿನ ಮನೆ ಬೇರೆ.

ಚಾರ್ಟಿಗೆ ಕೈ ಹಾಕುವ ಮೊದಲು ಮುಗಿಸಬೇಕಾದ ಕೆಲವು ಕೆಲಸಗಳಿವೆ. ಲಿವರ್ ರಿವರ್ಸಿಗೆ ಹಾಕಿದಾಗ ಹಿಂದಿನ ಬಿಳಿ ದೀಪ ಹತ್ತುತ್ತದೆಯೇ, ಡ್ಯಾಶ್‌ಬೋರ್ಡಿನಲ್ಲಿ ಆರ್ ಕಾಣುತ್ತದೆಯೇ? ಇಲ್ಲವೆಂದರೆ ಲಿವರ್ ಎಲ್ಲಿದೆ ಎಂದು ತಿಳಿಸುವ ರೇಂಜ್ ಸ್ವಿಚ್ ಕೆಟ್ಟಿರಬಹುದು, ಅಥವಾ ಲಿವರಿನ ಕೇಬಲ್ ಬುಷ್ ಸವೆದು ಮೇಲೆ ಲಿವರ್ ಆರ್ ಮೇಲಿದ್ದರೂ ಕೆಳಗೆ ವಾಲ್ವ್ ನ್ಯೂಟ್ರಲ್‌ನಲ್ಲೇ ನಿಂತಿರಬಹುದು. ಚಿಕ್ಕದೊಂದು ಬುಷ್‌ಗಾಗಿ ಬಾಕ್ಸ್ ಇಳಿಸಿದರೆ ಹೊಟ್ಟೆ ಉರಿಯುತ್ತದೆ. ಆಮೇಲೆ ಎಣ್ಣೆಯ ಮಟ್ಟ. ಈಗಿನ ಬಾಕ್ಸುಗಳಲ್ಲಿ ಬಹಳಷ್ಟಕ್ಕೆ ಡಿಪ್‌ಸ್ಟಿಕ್ ಇಲ್ಲ. ಸಮತಟ್ಟು ನೆಲದಲ್ಲಿ ಗಾಡಿ ಎತ್ತಿ, ಎಂಜಿನ್ ಓಡುತ್ತಿರುವಾಗ, ಎಣ್ಣೆ ಕಂಪನಿ ಹೇಳಿದ ಉಷ್ಣತೆಗೆ ಬಂದಾಗ ಪ್ಲಗ್ ತೆಗೆದು ನೋಡಬೇಕು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ ಪ್ಲೇಟುಗಳು ಸುಟ್ಟಿವೆ ಎಂದೇ ಅರ್ಥ. ಸ್ಕ್ಯಾನರ್ ಹಾಕಿ ಕೋಡ್ ಓದುವುದೂ ಬೇಕು. ಆದರೆ ಕೋಡ್ ಇಲ್ಲದ ಮಾತ್ರಕ್ಕೆ ಬಾಕ್ಸ್ ಸರಿಯಿದೆ ಎಂದಲ್ಲ, ಸವೆದ ಸೀಲನ್ನು ಕಂಪ್ಯೂಟರ್ ನೋಡಲಾರದು.

ಯಾವಾಗ ಕೆಡುತ್ತದೆ ಎಂಬುದಕ್ಕೂ ಕಿವಿಗೊಡಬೇಕು. ಬೆಳಿಗ್ಗೆ ತಣ್ಣಗಿರುವಾಗ ರಿವರ್ಸ್ ತಡವಾಗಿ ಹಿಡಿದು, ಬಿಸಿಯಾದ ಮೇಲೆ ಸರಿಹೋದರೆ ರಬ್ಬರ್ ಸೀಲುಗಳು ಗಡುಸಾಗಿರುವ ಸಾಧ್ಯತೆ ಹೆಚ್ಚು. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಜಾರಿದರೆ, ತೆಳುವಾದ ಎಣ್ಣೆ ಎಲ್ಲೋ ಸೋರಿ ಒತ್ತಡ ಕಳೆದುಕೊಳ್ಳುತ್ತಿದೆ: ಪಂಪು, ಎಣ್ಣೆಯನ್ನು ಬೇಕಾದ ಕ್ಲಚ್ಚಿಗೆ ಹರಿಸುವ ವಾಲ್ವ್ ಬಾಡಿ, ಸೀಲಿಂಗ್ ರಿಂಗು ಇವುಗಳಲ್ಲೊಂದು. 6ಎಚ್‌ಪಿಯಲ್ಲಿ ಮೆಕಾಟ್ರಾನಿಕ್ ಘಟಕಕ್ಕೂ (ವಾಲ್ವ್ ಬಾಡಿ ಮತ್ತು ಕಂಪ್ಯೂಟರ್ ಒಂದಾಗಿರುವುದು) ಬಾಕ್ಸಿಗೂ ನಡುವೆ ಇರುವ ರಬ್ಬರ್ ಕೊಳವೆ ಮತ್ತು ಸೀಲುಗಳು ಹಳತಾಗಿ ಗೇರ್ ತಡವಾಗಿ ಹಿಡಿಯುವುದು ಹೆಸರಾದ ದೋಷ. ಅವನ್ನು ಬದಲಿಸಲು ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿದರೆ ಸಾಕು, ಬಾಕ್ಸ್ ಗಾಡಿಯಲ್ಲೇ ಇರುತ್ತದೆ.

ಅನುಭವಿ ಮೆಕ್ಯಾನಿಕ್ ಸ್ಟಾಲ್ ಟೆಸ್ಟ್ ಮಾಡುವುದನ್ನು ನೋಡಿರಬಹುದು. ಬ್ರೇಕ್ ಪೂರ್ತಿ ಒತ್ತಿ, ಗೇರಿಗೆ ಹಾಕಿ, ಆಕ್ಸಿಲರೇಟರ್ ಅದುಮಿ ಆರ್‌ಪಿಎಂ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಡ್ರೈವ್‌ನಲ್ಲಿ ಸರಿಯಿದ್ದು ರಿವರ್ಸಿನಲ್ಲಿ ಮಾತ್ರ ಹೆಚ್ಚಿದರೆ ರಿವರ್ಸಿನ ಹಿಡಿತ ಜಾರುತ್ತಿದೆ, ಎರಡರಲ್ಲೂ ಹೆಚ್ಚಿದರೆ ಒತ್ತಡವೇ ಕಡಿಮೆ. ಐದು ಸೆಕೆಂಡ್ ಮೀರಬಾರದು, ಗಾಡಿಯ ಹಿಂದೆ ಮುಂದೆ ಯಾರೂ ನಿಂತಿರಬಾರದು, ಕಂಪನಿಯೇ ಬೇಡವೆಂದ ಬಾಕ್ಸಿಗೆ ಮಾಡಲೇಬಾರದು. ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಜಾರುವ ಪ್ಲೇಟು ಆ ಕೆಲವೇ ಸೆಕೆಂಡಿನಲ್ಲಿ ಪೂರ್ತಿ ಸುಟ್ಟುಹೋಗಬಹುದು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಹಿಂದಕ್ಕೆ ಹೋಗದ ಗಾಡಿಗೆ ರೇಸ್ ಕೊಟ್ಟು ಎಳೆಸುವುದೂ ಅದೇ ಹಾನಿ ಮಾಡುತ್ತದೆ. ಸವೆದ ಪುಡಿ ಎಣ್ಣೆಯ ಜೊತೆ ಹರಿದು ವಾಲ್ವ್ ಬಾಡಿಗೂ ಕನ್ವರ್ಟರಿಗೂ ಸೇರಿದರೆ, ಒಂದು ಬ್ರೇಕಿನ ರಿಪೇರಿ ಇಡೀ ಬಾಕ್ಸಿನ ಓವರ್‌ಹಾಲ್ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ನೋಡಲು ಹೋಗುವವರು ಮೇಲಿನ ಲೆಕ್ಕವನ್ನು ಹೀಗೆ ಬಳಸಿಕೊಳ್ಳಬಹುದು. ಮಾರುವವರು ತೋರಿಸುವುದು ಸಾಮಾನ್ಯವಾಗಿ ಮುಂದಕ್ಕೆ ಒಂದು ಸುತ್ತು. ಅದು ಮುಗಿದು ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ, ಸಣ್ಣ ಏರು ಹುಡುಕಿ, ಹಿಂದೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಆ ಏರನ್ನು ರಿವರ್ಸಿನಲ್ಲಿ ನಿಧಾನವಾಗಿ ಹತ್ತಿಸಿ. ಲಿವರ್ ಸರಿಸಿದ ಒಂದೆರಡು ಸೆಕೆಂಡಿನೊಳಗೆ ಸಣ್ಣ ತಳ್ಳು ಬಂದು, ಆಕ್ಸಿಲರೇಟರ್ ಒತ್ತಿದಷ್ಟಕ್ಕೆ ಸರಿಯಾಗಿ ಗಾಡಿ ಹಿಂದಕ್ಕೆ ಏರಬೇಕು. ಆರ್‌ಪಿಎಂ ಏರಿ ಗಾಡಿ ತಡವಾಗಿ ಹಿಂಬಾಲಿಸಿದರೆ ಬೆಲೆಯ ಮಾತು ಅಲ್ಲಿಗೇ ನಿಲ್ಲಿಸಿ, ಆ ಬಾಕ್ಸಿನ ಚಾರ್ಟ್ ತೆಗೆಸಿ ನೋಡಿದ ಮೇಲೆ ಮುಂದುವರಿಯಿರಿ.