ಅಮೆರಿಕದ ಸಾಲು, ಕೆನಡಾದ ಅಂಕ: ಮೈಸೂರು–ಮಂಡ್ಯ ಎಂಜಿನಿಯರುಗಳ ಎರಡನೇ ವಲಸೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಬರುವ ನಿವೃತ್ತರ ನಡುವೆ ಈಚೆಗೆ ಒಂದು ಪ್ರಶ್ನೆ ಸುತ್ತುತ್ತಿರುತ್ತದೆ: “ನಿಮ್ಮ ಮಗ ಅಮೆರಿಕದಲ್ಲೇ ಚೆನ್ನಾಗಿದ್ದರಲ್ಲ ಸಾರ್, ಪಕ್ಕದ ಕೆನಡಾಕ್ಕೆ ಯಾಕೆ ಹೋದರು?” ಕೇಳಿದವರ ಕಣ್ಣಿಗೆ ಅದೊಂದು ಹಿಂಬಡ್ತಿ. ಅಪ್ಪಂದಿರು “ಅಲ್ಲಿ ಚಳಿ ಜಾಸ್ತಿಯಂತೆ” ಎಂದು ಮಾತು ಹೊರಳಿಸುತ್ತಾರೆ. ಉತ್ತರ ಹೇಳಲು ಹೊರಟರೆ ಕೆರೆಗೆ ಎರಡು ಸುತ್ತು ಬೇಕಾದೀತು.

ಭಾರತೀಯರನ್ನು ದೂರವಿಡುವುದರಲ್ಲಿ ಎರಡು ದೇಶಗಳೂ ಒಂದು ಕಾಲಕ್ಕೆ ಸರಿಸಮ. 1946ರಲ್ಲಿ ಅಮೆರಿಕ ಇಡೀ ಭಾರತಕ್ಕೆ ಕೊಟ್ಟ ಕೋಟಾ ವರ್ಷಕ್ಕೆ 100 ಜನ. 1951ರಲ್ಲಿ ಕೆನಡಾ ಒಪ್ಪಿದ್ದು 150. ನಮ್ಮ ಮದುವೆ ಛತ್ರಗಳಲ್ಲಿ ಒಂದು ಪಂಕ್ತಿಗೆ ಕೂರುವಷ್ಟು! ದಾರಿ ಕವಲೊಡೆದದ್ದು ಆಮೇಲೆ. ಅಮೆರಿಕ 1965ರ ಕಾನೂನಿನಲ್ಲಿ ಹಳೆಯ ತಾರತಮ್ಯದ ಕೋಟಾ ಕಿತ್ತುಹಾಕಿತು, ಆದರೆ ದೇಶಕ್ಕಿಷ್ಟು ಎಂಬ ಮಿತಿಯನ್ನು ಇಟ್ಟುಕೊಂಡಿತು. ಕೆನಡಾ 1967ರಲ್ಲಿ ಅಂಕ ಪದ್ಧತಿ ತಂದಿತು. ಓದು, ವಯಸ್ಸು, ಕಸುಬು, ಇಂಗ್ಲಿಷ್ ಅಥವಾ ಫ್ರೆಂಚ್ ಬಲ್ಲಿರಾ ಎಂಬುದಕ್ಕೆಲ್ಲ ಅಂಕ. ಹುಟ್ಟಿದ ದೇಶಕ್ಕೆ ಅಂಕವೂ ಇಲ್ಲ, ಕಡಿತವೂ ಇಲ್ಲ.

ಇತ್ತ ಎಂಜಿನಿಯರಿಂಗ್ ಕಾಲೇಜುಗಳು, ಮೈಸೂರಿನಲ್ಲಿ ಎನ್‌ಐಇ 1946ರಲ್ಲಿ, ಎಸ್‌ಜೆಸಿಇ 1963ರಲ್ಲಿ, ಮಂಡ್ಯದಲ್ಲಿ ಪಿಇಎಸ್ 1962ರಲ್ಲಿ ಶುರುವಾಗಿದ್ದವು. ಇಲ್ಲಿ ಓದಿದವರಿಗೆ ಹೆದ್ದಾರಿಯಾದದ್ದು 1990ರ ಅಮೆರಿಕ ಕಾನೂನು ಹುಟ್ಟುಹಾಕಿದ ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾ. ತೊಡಕು ಇರುವುದೂ ಅದೇ ಕಾನೂನಿನಲ್ಲಿ. ಎಚ್-1ಬಿಗೆ ದೇಶವಾರು ಮಿತಿ ಇಲ್ಲ, ಎಷ್ಟು ಜನ ಭಾರತೀಯರಾದರೂ ಸೈ. ಕಾಯಂ ನೆಲೆಯ ಗ್ರೀನ್ ಕಾರ್ಡಿಗೆ ಮಾತ್ರ ಇದೆ: ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1,40,000, ಒಂದು ದೇಶಕ್ಕೆ ಸಾಮಾನ್ಯವಾಗಿ ಅದರಲ್ಲಿ ಶೇ. 7. ಹೆಂಡತಿ ಮಕ್ಕಳೂ ಆ ಲೆಕ್ಕದೊಳಗೇ. ಐಸ್‌ಲ್ಯಾಂಡಿಗೂ ಅಷ್ಟೇ ಮಿತಿ, ಭಾರತಕ್ಕೂ ಅಷ್ಟೇ. ನಾಲೆ ಅಗಲ, ತೂಬು ಕಿರಿದು ಎಂದರೆ ಏನಾಗುತ್ತದೆಂದು ವಿ.ಸಿ. ನಾಲೆಯ ಕೊನೆ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

2000ನೇ ಇಸವಿಯಲ್ಲಿ ಅಮೆರಿಕ ಒಂದು ತೇಪೆ ಹಾಕಿತು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರು ಆರು ವರ್ಷದ ಮಿತಿ ದಾಟಿಯೂ ಎಚ್-1ಬಿ ನವೀಕರಿಸಿಕೊಳ್ಳಬಹುದು ಎಂದಿತು. ಸಾಲು ಕರಗಲಿಲ್ಲ, ನಿಲ್ಲುವುದಷ್ಟೇ ಸಲೀಸಾಯಿತು. 2025ರ ಕೊನೆಯಲ್ಲಿ, ಸ್ನಾತಕೋತ್ತರ ಪದವೀಧರರೇ ಹೆಚ್ಚಾಗಿರುವ ಎರಡನೇ ಶ್ರೇಣಿಯಲ್ಲಿ ಸರದಿ ಬಂದಿದ್ದದ್ದು 2013ರಲ್ಲಿ ಹೆಸರು ಬರೆಸಿದ ಭಾರತೀಯರಿಗೆ. ಈ ನಡುವೆ ಮನೆ ಕೊಳ್ಳುತ್ತಾರೆ, ಮಕ್ಕಳು ಬೆಳೆಯುತ್ತಾರೆ. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಿಗುವುದು 60 ದಿನ. ಇಲ್ಲಿಂದ ಕರೆದೊಯ್ದ ಕೂಸಿಗೆ 21 ತುಂಬಿದರೆ ಅಪ್ಪನ ವೀಸಾದ ಆಸರೆಯೂ ತಪ್ಪುತ್ತದೆ. 2022ರ ಕೊನೆಗೆ ಐಟಿ ಕಂಪನಿಗಳು ಸಾವಿರಗಟ್ಟಲೆ ಜನರನ್ನು ತೆಗೆದಾಗ ಆ 60 ದಿನದ ಅರ್ಥ ಬಹಳ ಮನೆಗಳಿಗೆ ತಟ್ಟಿತು.

ಕೆನಡಾ ಇದನ್ನು ಗಮನಿಸುತ್ತಲೇ ಇತ್ತು. 2015ರ ಜನವರಿಯಲ್ಲಿ ಅಂಕ ಪದ್ಧತಿಯನ್ನು ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ಆನ್‌ಲೈನ್ ವ್ಯವಸ್ಥೆಗೆ ತಂದು, 1,200ಕ್ಕೆ ಅಂಕ ಕೊಟ್ಟು ಮೇಲಿನವರನ್ನು ಕರೆಯತೊಡಗಿತು. 2023ರ ಜೂನ್‌ನಲ್ಲಿ ನೇರವಾಗಿ ಅಮೆರಿಕದ ಎಚ್-1ಬಿದಾರರಿಗೇ ಮೂರು ವರ್ಷದವರೆಗಿನ ಮುಕ್ತ ಕೆಲಸದ ಪರವಾನಗಿ ಘೋಷಿಸಿ, 10,000 ಅರ್ಜಿ ತೆಗೆದುಕೊಳ್ಳುತ್ತೇವೆ ಎಂದಿತು. ಜುಲೈ 16ರಂದು ಅರ್ಜಿ ತೆರೆದ ಎರಡು ದಿನದೊಳಗೆ ಭರ್ತಿ.

ಆದರೆ ಈ ಲೆಕ್ಕದಲ್ಲಿ ಒಂದು ಕ್ರೂರ ಹೊಂದಾಣಿಕೆ ಇದೆ ಅನ್ನಿಸುತ್ತದೆ ನನಗೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಂಟಿ ಅರ್ಜಿದಾರರಿಗೆ 20ರಿಂದ 29ರವರೆಗೆ ವಯಸ್ಸಿನ ಅಂಕ 110, 35ಕ್ಕೆ 77, 40ಕ್ಕೆ 50, 45ಕ್ಕೆ ಸೊನ್ನೆ. ಕೆನಡಾದ ಹೊರಗಿನ ಅನುಭವದ ಅಂಕವಾದರೋ ಮೂರು ವರ್ಷಕ್ಕೇ ನಿಂತುಬಿಡುತ್ತದೆ. ಅಮೆರಿಕದ ಸಾಲಿನಲ್ಲಿ ಹನ್ನೆರಡು ವರ್ಷ ಕಾದವರಿಗೆ ಆ ಕಾಯುವಿಕೆಯೇ ಕೆನಡಾದ ಅಂಕಗಳನ್ನು ತಿಂದುಹಾಕಿರುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುಗೆ ಸೇರುವ ಮುಂಚೆ ಪದವಿ ಕೊಡುತ್ತಿದ್ದದ್ದು ಮೈಸೂರು ವಿಶ್ವವಿದ್ಯಾನಿಲಯ. ಆ ಮೊಹರಿನ ಪದವಿಯವರೆಲ್ಲ ಬಹುತೇಕ ಈಗ 45 ದಾಟಿದವರು. ಮೊಹರು ನೋಡಿಯೇ ವಯಸ್ಸಿನ ಅಂಕ ಹೇಳಬಹುದು.

ಈಗ ಕೆನಡಾದ ಬಾಗಿಲೂ ಮೊದಲಿನಷ್ಟು ತೆರೆದಿಲ್ಲ. ಬಾಡಿಗೆ, ಮನೆ ಬೆಲೆಗಳು ಏರಿ ಜನ ಗೊಣಗತೊಡಗಿದ ಮೇಲೆ, 2024ರ ಅಕ್ಟೋಬರಿನಲ್ಲಿ ಸರ್ಕಾರ 2025ರ ಕಾಯಂ ನಿವಾಸಿಗಳ ಗುರಿಯನ್ನು 5,00,000ದಿಂದ 3,95,000ಕ್ಕೆ ಇಳಿಸಿತು. ಫ್ರೆಂಚ್ ಬಲ್ಲವರಿಗಾದರೆ ಕಡಿಮೆ ಅಂಕದಲ್ಲೂ ಕರೆ ಬರುತ್ತದೆ. ನಲವತ್ತರ ಹತ್ತಿರದಲ್ಲಿ ಫ್ರೆಂಚ್ ಕ್ರಿಯಾಪದ ಉರುಹೊಡೆಯುವವರು ಇರುವುದು ಇದಕ್ಕೇ. ಇತ್ತ ಅಮೆರಿಕ 2025ರ ಸೆಪ್ಟೆಂಬರಿನಲ್ಲಿ ಹೊರಗಿನಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಹೇರಿತು.

ಹೇಗೋ ದಾಟಿಹೋದವರು ಐದು ವರ್ಷಗಳಲ್ಲಿ 1,095 ದಿನ ಅಲ್ಲಿದ್ದರೆ ಕೆನಡಾದ ಪೌರತ್ವಕ್ಕೆ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್ ಕೈಗೆ ಬಂದರೆ, ಎಂಜಿನಿಯರಿಂಗಿನಂಥ ಪಟ್ಟಿಯಲ್ಲಿರುವ ಕಸುಬಿನವರು ಎಚ್-1ಬಿ ಲಾಟರಿಯ ಗೊಡವೆಯಿಲ್ಲದೆ, ಕೆನಡಾ ಪೌರರಿಗೆ ಸಿಗುವ ಟಿಎನ್ ಎಂಬ ಕೆಲಸದ ಪರವಾನಗಿಯಲ್ಲಿ ಮತ್ತೆ ಅಮೆರಿಕಕ್ಕೇ ಹೋಗಿ ದುಡಿಯಬಹುದು. ಗ್ರೀನ್ ಕಾರ್ಡ್ ಬೇಕೆಂದರೆ ಮಾತ್ರ ಅಮೆರಿಕ ನೋಡುವುದು ಪೌರತ್ವವನ್ನಲ್ಲ, ಹುಟ್ಟಿದ ದೇಶವನ್ನು. ಆ ಹೊಸ ಕೆನಡಾ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳದ ಮುಂದೆ ಮಂಡ್ಯ ಎಂದೇ ಅಚ್ಚಾಗಿರುತ್ತದೆ.