ಸಪೋಟ ಮರ ರಾತ್ರಿ ಯಾರನ್ನು ಕರೆಯುತ್ತದೆ?

ಬೆಳಗ್ಗೆ ಹಿತ್ತಲಿಗೆ ಹೋದರೆ ಸಪೋಟ ಮರದ ಕೆಳಗೆ ಅರ್ಧ ತಿಂದ ಹಣ್ಣು, ಕರೀ ಬೀಜ, ರಸ ಹೀರಿ ಉಗುಳಿದ ನಾರಿನ ಉಂಡೆ. ಇದು ಬಾವಲಿಯ ಕೆಲಸ. ಹೋದ ವರ್ಷ ಒಬ್ಬರು ಮರಕ್ಕೆ ಹಳೇ ಚಪ್ಪಲಿ ಕಟ್ಟಿ ಎಂದರು. ಇನ್ನೊಬ್ಬರು, ಬಾವಲಿ ಬರುವುದು ಮನೆಗೆ ಕೇಡು, ಮರವನ್ನೇ ಕಡಿಸಿಬಿಡಿ ಎಂದರು. ಹಣ್ಣು ತುಂಬಿ ನಿಂತ ಮರವನ್ನು ಕಡಿಸಿ ಎನ್ನುತ್ತಾರಲ್ಲ ಎಂದು ನನಗೆ ಸಂಕಟವಾಯಿತು. ಶಕುನ, ದೃಷ್ಟಿ ಯಾವುದೂ ಬಾವಲಿಯನ್ನು ಕರೆತರುವುದಿಲ್ಲ. ಕರೆಯುವುದು ಆ ಮರವೇ.

ಸಪೋಟ ಹಣ್ಣನ್ನು ಒಮ್ಮೆ ಸರಿಯಾಗಿ ನೋಡಿ. ಹಣ್ಣಾದರೂ ಅದು ಮಣ್ಣಿನ ಬಣ್ಣವೇ. ಹಗಲಲ್ಲಿ ಹಾರುವ ಹಕ್ಕಿಯ ಕಣ್ಣು ಸೆಳೆಯುವ ಕೆಂಪು, ಹಳದಿ ಅದಕ್ಕಿಲ್ಲ. ಅದರ ಬಂಡವಾಳವೆಲ್ಲ ಪರಿಮಳ. ಕತ್ತಲಲ್ಲಿ ಬಣ್ಣ ಯಾರಿಗೆ ಬೇಕು, ಅಲ್ವಾ? ಈ ಮರದ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲೂ ಬಾವಲಿಗಳು ಇದನ್ನು ತಿಂದು ಬೀಜ ಹರಡುತ್ತವೆ. ಆದರೆ ಅಲ್ಲಿನ ಹಣ್ಣುತಿನ್ನುವ ಬಾವಲಿಗಳಿಗೂ ನಮ್ಮೂರಿನವಕ್ಕೂ ಬಹಳ ದೂರದ ನಂಟು. ಎರಡೂ ವಂಶಗಳು ಬೇರೆಯಾಗಿ 5 ಕೋಟಿ ವರ್ಷಕ್ಕೂ ಜಾಸ್ತಿ ಆಯಿತು. ಹಣ್ಣು ತಿನ್ನುವುದನ್ನು ಇವು ತಮ್ಮಷ್ಟಕ್ಕೆ ತಾವೇ ಬೇರೆ ಬೇರೆಯಾಗಿ ಕಲಿತವು. ಅಮೆರಿಕದ ಬಾವಲಿಗೆಂದು ಮರ ಬರೆದ ಓಲೆಯನ್ನು ನಮ್ಮ ಹಿತ್ತಲಿನ ಬಾವಲಿ ಒಂದಕ್ಷರ ತಪ್ಪದೆ ಓದಿಕೊಳ್ಳುತ್ತದೆ! ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನ.

ಬಾವಲಿಗೆ ಕಣ್ಣು ಕಾಣುವುದಿಲ್ಲ ಅನ್ನುವುದೂ ಸುಳ್ಳು. ಹಣ್ಣುತಿನ್ನುವ ಬಾವಲಿಗಳ ಕಣ್ಣು ದೊಡ್ಡದು, ಮಬ್ಬುಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಇನ್ನು ಡಬ್ಬ ಬಡಿಯುವುದು, ಸದ್ದು ಮಾಡುವ ಯಂತ್ರ ತಂದು ಇಡುವುದು. ಮೊದಲೆರಡು ದಿನ ಹೆದರುತ್ತವೆ. ಸದ್ದಿನ ಹಿಂದೆ ಏನೂ ಅಪಾಯ ಬರುತ್ತಿಲ್ಲ ಎಂದು ಗೊತ್ತಾದ ಮೇಲೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಸುಮ್ನೆ ದುಡ್ಡು ದಂಡ.

ಹಾಗಾದರೆ ಏನು ಮಾಡುವುದು? ಹಣ್ಣು ಹೇಗೆ ಹಣ್ಣಾಗುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಆದಂತೆ. ಬಲಿತ ಕಾಯಿ ಎಥಿಲೀನ್ ಎಂಬ ಅನಿಲವನ್ನು ಚೂರು ಬಿಡುತ್ತದೆ. ಆ ಅನಿಲ ತಾಗಿದ ಕಾಯಿ ಇನ್ನಷ್ಟು ಎಥಿಲೀನ್ ಬಿಡುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದು. ಒಂದು ಚಮಚ ಮೊಸರು ಪಾತ್ರೆ ತುಂಬ ಮೊಸರು ಮಾಡುತ್ತದೆ, ಅದರಲ್ಲೇ ಒಂದು ಚಮಚ ನಾಳೆಗೆ ಹೆಪ್ಪಾಗುತ್ತದೆ. ಅಥವಾ ಬಣವೆಗೆ ಬಿದ್ದ ಕಿಡಿ ಎನ್ನಿ, ಒಂದು ಹುಲ್ಲು ಇನ್ನೊಂದನ್ನು ಹೊತ್ತಿಸುತ್ತದೆ. ಆದರೆ ನನಗೆ ಹೆಪ್ಪಿನ ಹೋಲಿಕೆಯೇ ಇಷ್ಟ. ಯಾಕೆಂದರೆ ನೀರಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಎಳೆಗಾಯಿಯೂ ಹಾಗೇ, ಇಟ್ಟರೆ ಸುಕ್ಕುಗಟ್ಟುತ್ತದೆ, ಹಣ್ಣಾಗುವುದಿಲ್ಲ. ಕಾಯಿ ಬಲಿತಿರಲೇಬೇಕು.

1901ರಲ್ಲಿ ರಷ್ಯಾದ ದಿಮಿತ್ರಿ ನೆಲ್ಯುಬೊವ್ ಎಂಬ ವಿದ್ಯಾರ್ಥಿ, ಗ್ಯಾಸ್ ದೀಪವಿದ್ದ ಕೋಣೆಯಲ್ಲಿ ಬಟಾಣಿ ಸಸಿಗಳು ವಕ್ರವಾಗಿ ಬೆಳೆಯುವುದಕ್ಕೆ ಎಥಿಲೀನೇ ಕಾರಣ ಎಂದು ಕಂಡುಹಿಡಿದ. ಹಣ್ಣೇ ಈ ಅನಿಲವನ್ನು ಮಾಡುತ್ತದೆ ಎಂದು ಇಂಗ್ಲೆಂಡಿನ ರಿಚರ್ಡ್ ಗೇನ್ 1934ರಲ್ಲಿ ತೋರಿಸಿದರು, ಅದೂ ಸೇಬಿನಲ್ಲಿ. ನಮ್ಮ ಹಳ್ಳಿಗಳಲ್ಲಿ ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರಲ್ಲ, ಆ ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಹೆಸರು ಗೊತ್ತಿಲ್ಲದೆಯೂ ಕೆಲಸ ಗೊತ್ತಿತ್ತು.

ಸಪೋಟ ಮರದಿಂದ ಕಿತ್ತ ಮೇಲೂ ಹಣ್ಣಾಗುತ್ತದೆ. ನಮಗೆ ಬೇಕಾದದ್ದು ಇದೇ. ಗಟ್ಟಿ ಕಾಯಿಯ ತುಂಬ ಅಂಟು ಹಾಲು, ಒಗರು. ಒಂದು ಕಾಲದಲ್ಲಿ ಚೂಯಿಂಗ್ ಗಮ್ ಮಾಡುತ್ತಿದ್ದದ್ದು ಈ ಮರದ ಹಾಲಿನಿಂದಲೇ! ಅಂಥ ಕಾಯಿಯ ತಂಟೆಗೆ ಬಾವಲಿ ಸಾಮಾನ್ಯವಾಗಿ ಹೋಗುವುದಿಲ್ಲ. ಅದು ಕಾಯುವುದು ಪರಿಮಳಕ್ಕೆ. ಪರಿಮಳ ಏಳುವ ಮೊದಲೇ ಕಾಯಿ ಮನೆಯೊಳಗೆ ಬಂದರೆ ಆಯಿತು.

ಬಲಿತಿದೆಯೇ ಎಂದು ನೋಡಲು ಸಿಪ್ಪೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರು ಕಂಡರೆ ಬಿಡಿ. ಹಳದಿ ಕಂಡು, ಹಾಲು ಕಡಿಮೆ ಒಸರಿದರೆ ಕೀಳಿ. ಮೇಲಿನ ಮರಳಿನಂಥ ಕಂದು ಪುಡಿಯೂ ಆಗ ಸುಲಭವಾಗಿ ಉದುರುತ್ತದೆ. ತೊಳೆದು, ಒರೆಸಿ, ಒಂದು ಮಾಗಿದ ಬಾಳೆಹಣ್ಣಿನ ಜೊತೆ ಅಕ್ಕಿ ಡಬ್ಬದಲ್ಲೋ ಕಾಗದದಲ್ಲಿ ಸುತ್ತಿಯೋ ಇಡಿ. ಬಾಳೆಹಣ್ಣೇ ಹೆಪ್ಪು. ಸುಮಾರು ಒಂದು ವಾರದಲ್ಲಿ ಮೆತ್ತಗಾಗುತ್ತದೆ. ಮಾವಿಗೂ ಈ ಉಪಾಯ ನಡೆಯುತ್ತದೆ. ದಾಳಿಂಬೆ, ದ್ರಾಕ್ಷಿಗೆ ನಡೆಯದು, ಅವು ಗಿಡದಲ್ಲೇ ಹಣ್ಣಾಗಬೇಕು. ದಾಳಿಂಬೆಗೆ ಬಟ್ಟೆ ಚೀಲ ಕಟ್ಟಿ, ಅಳಿಲಿನ ಕಾಟವೂ ಕಡಿಮೆಯಾಗುತ್ತದೆ. ಕೋತಿಗಳ ಮಾತೇ ಬೇರೆ, ಅವು ಕಾಯನ್ನೂ ಬಿಡುವುದಿಲ್ಲ.

ಬಾವಲಿ ಕಚ್ಚಿದ ಹಣ್ಣನ್ನು ಮಾತ್ರ ತಿನ್ನಬೇಡಿ, ದನಕ್ಕೂ ಹಾಕಬೇಡಿ, ಹೂತುಬಿಡಿ. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ, ಬಾವಲಿಗಳಿಂದ ಹರಡಬಲ್ಲ ನಿಪಾ ವೈರಸ್ ಸೋಂಕು ಬಂದಾಗಿನಿಂದ ಜನರಿಗೆ ಭಯ ಇದೆ, ಆ ಎಚ್ಚರಿಕೆ ಸರಿಯೇ. ಆದರೆ ಭಯದಲ್ಲಿ ಬಾವಲಿಗಳನ್ನು ಕೊಲ್ಲುವುದು ತಪ್ಪು. 1972ರ ವನ್ಯಜೀವಿ ಕಾಯ್ದೆ ಹಣ್ಣುತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಇಪ್ಪೆ, ಬೂರುಗದ ಹೂಗಳಿಗೆ ರಾತ್ರಿ ಪರಾಗ ಒಯ್ಯುವುದೂ ಇವೇ.

ಬಲೆ ಹಾಕಲೇಬೇಕಿದ್ದರೆ ಮೀನಿನ ಬಲೆಯಂಥ ತೆಳು ನೈಲಾನ್ ಬೇಡ. ಅದರಲ್ಲಿ ರೆಕ್ಕೆ ಸಿಕ್ಕಿಕೊಂಡು ಬಾವಲಿ ನರಳಿ ಸಾಯುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರಿಂದ, ಮನೆಯ ಹಣ್ಣಿನ ಮರಕ್ಕೆ ಹಾಕುವ ಬಲೆಯ ಕಣ್ಣು 5 ಮಿಲಿಮೀಟರಿಗಿಂತ ದೊಡ್ಡದಿರಬಾರದು ಎಂಬ ನಿಯಮವಿದೆ. ಬೆರಳು ತೂರಿಸಿ ನೋಡಿ. ತೂರಿದರೆ ಆ ಬಲೆ ಬೇಡ. ತೂರದ ಬಿಳಿ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ದಿನಾ ಬೆಳಗ್ಗೆ ಒಮ್ಮೆ ಹೋಗಿ ನೋಡಿಬನ್ನಿ.