ಚುನಾವಣೆ ಹತ್ತಿರ ಬಂದಾಗಲೇ ರಸ್ತೆಗೆ ಡಾಂಬರು ಬೀಳೋದು ಯಾಕೆ?

ಓದುಗರ ಪ್ರಶ್ನೆ: "ಎಲೆಕ್ಷನ್ ಹತ್ರ ಬಂದಾಗಷ್ಟೇ ನಮ್ಮೂರ ರಸ್ತೆಗೆ ಡಾಂಬರು ಬೀಳ್ತದ. ಉಳಿದ ಟೈಮಿನ್ಯಾಗ ಯಾರೂ ಹೊಳ್ಳಿ ನೋಡಂಗಿಲ್ಲ. ಹಂಗಾದ್ರ ವರ್ಷಕ್ಕೊಂದು ಎಲೆಕ್ಷನ್ ಬಂದ್ರ ಚಲೋ ಅಲ್ಲೇನ್ರಿ?" (ಹಾನಗಲ್ ತಾಲೂಕಿನ ಓದುಗರೊಬ್ಬರು)

ಉತ್ತರ: ಹುಬ್ಬಳ್ಳಿ, ಧಾರವಾಡ, ಗದಗ ಎಲ್ಲ ಕಡೆ ಜನ ಈ ಮಾತು ಆಡುತ್ತಾರೆ. ಆದರೆ ಹಾವೇರಿ ಜಿಲ್ಲೆಯವರು ಕೇಳಿದಾಗ ಅದರ ತೂಕವೇ ಬೇರೆ. ಹೆಚ್ಚೂಕಡಿಮೆ ವರ್ಷಕ್ಕೊಂದು ಚುನಾವಣೆ ಬಂದರೆ ಏನಾಗುತ್ತದೆ ಅನ್ನೋದನ್ನು ನಿಮ್ಮ ಜಿಲ್ಲೆ ಆಗಲೇ ನೋಡಿದೆ. 2021ರ ಅಕ್ಟೋಬರ್ 30ಕ್ಕೆ ನಿಮ್ಮ ಹಾನಗಲ್ಲಿನದೇ ಉಪಚುನಾವಣೆ. ಅದೇ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರ. 2022ರ ಜೂನ್‌ನಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರ. 2023ರ ಮೇ 10ಕ್ಕೆ ವಿಧಾನಸಭೆ, 2024ರ ಮೇ 7ಕ್ಕೆ ಲೋಕಸಭೆ, ಅದೇ ವರ್ಷ ನವೆಂಬರ್ 13ಕ್ಕೆ ಶಿಗ್ಗಾಂವಿ ಉಪಚುನಾವಣೆ. ನಿಮ್ಮ ಲೆಕ್ಕ ಸರಿ ಇದ್ದಿದ್ದರೆ ಹಾವೇರಿಯ ರಸ್ತೆಗಳು ರಾಜ್ಯಕ್ಕೇ ಮಾದರಿ ಆಗಿರಬೇಕಿತ್ತು. ಹಾಗಾಗಿಲ್ಲ ಅನ್ನೋದು ನಿಮಗೇ ಗೊತ್ತು.

ಮೊದಲು ಡಾಂಬರಿನ ವಿಷಯ ನೋಡೋಣ. ಚುನಾವಣೆ ಮುಂದಿದ್ದಾಗ ಬೀಳುವ ಡಾಂಬರೆಲ್ಲ ಚುನಾವಣೆಯದ್ದೇ ಅಲ್ಲ. ನಮ್ಮ ಕಡೆ ರಸ್ತೆ ಕೆಲಸವನ್ನು ಇನ್ನೂ ಎರಡು ಸಂಗತಿ ನಿರ್ಧರಿಸುತ್ತವೆ. ಒಂದು, ಮಾರ್ಚ್ 31. ಆ ವರ್ಷದ ಅನುದಾನವನ್ನು ಅಷ್ಟರೊಳಗೆ ಖರ್ಚು ಮಾಡಬೇಕು, ಬಿಲ್ ಆಗಬೇಕು. ಹಾಗಾಗಿ ಚುನಾವಣೆ ಇಲ್ಲದ ವರ್ಷವೂ ಫೆಬ್ರವರಿ, ಮಾರ್ಚ್‌ನಲ್ಲಿ ರೋಲರ್ ಓಡಾಡುತ್ತವೆ. ಎರಡನೆಯದು ಮಳೆ. ಮಳೆಗಾಲದಲ್ಲಿ ಡಾಂಬರು ಹಾಕುವಂತಿಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಭೂಮಿಯಲ್ಲಂತೂ ಮಳೆಗೆ ನೆಲ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕೆಳಗಿನ ಪದರ ಗಟ್ಟಿ ಮಾಡದೆ ಮೇಲೆ ಕಪ್ಪು ಬಳಿದರೆ ಒಂದೇ ಮಳೆಗೆ ಅಂಚು ಕುಸಿಯುತ್ತದೆ.

ಈಗ ಚುನಾವಣೆಯ ತಾರೀಖನ್ನು ಇದರ ಪಕ್ಕ ಇಟ್ಟು ನೋಡಿ. 2023ರಲ್ಲಿ ವಿಧಾನಸಭೆ ಚುನಾವಣೆ ಘೋಷಣೆ ಆಗಿದ್ದು ಮಾರ್ಚ್ 29ಕ್ಕೆ. 2024ರಲ್ಲಿ ಲೋಕಸಭೆ ಘೋಷಣೆ ಮಾರ್ಚ್ 16ಕ್ಕೆ, ಫಲಿತಾಂಶ ಜೂನ್ 4ಕ್ಕೆ. ಘೋಷಣೆಯಾದ ಗಳಿಗೆಯಿಂದಲೇ ಮಾದರಿ ನೀತಿ ಸಂಹಿತೆ ಜಾರಿಯಾಗುತ್ತದೆ. ಅಂದರೆ ರಸ್ತೆ ಕೆಲಸಕ್ಕೆ ಹೇಳಿ ಮಾಡಿಸಿದಂಥ ಬೇಸಿಗೆಯ ದಿನಗಳೇ ಹೋದವು. 2024ರಲ್ಲಂತೂ ಸಂಹಿತೆ ಮುಗಿಯುವ ಹೊತ್ತಿಗೆ ಮುಂಗಾರು ಬಂತು. ಇದು ಗುತ್ತಿಗೆದಾರರಿಗೂ ಗೊತ್ತು, ಶಾಸಕರಿಗೂ ಗೊತ್ತು. ಅದಕ್ಕೇ ಫೆಬ್ರವರಿಯಲ್ಲಿ ಆ ಧಾವಂತ. ಧಾವಂತದಲ್ಲಿ ಹಾಕಿದ ರಸ್ತೆ ಹೇಗಿರುತ್ತದೆ ಅನ್ನೋದು ನಿಮ್ಮ ಪ್ರಶ್ನೆಯಲ್ಲೇ ಇದೆ.

ಸಂಹಿತೆ ಬಂದರೆ ಎಲ್ಲ ಕೆಲಸ ನಿಲ್ಲುತ್ತದೆ ಅಂತ ಕಚೇರಿಗಳಲ್ಲಿ ಹೇಳಿ ಕಳಿಸುತ್ತಾರೆ. ಅದು ಪೂರ್ತಿ ನಿಜವಲ್ಲ. ಆಗಲೇ ಜಾಗದಲ್ಲಿ ಶುರುವಾಗಿರುವ ಕಾಮಗಾರಿ ಮುಂದುವರಿಯಬಹುದು. ಮುಗಿದ ಕೆಲಸಕ್ಕೆ ಬಿಲ್ ಕೊಡಬಹುದು. ಬರ, ನೆರೆ, ಕುಡಿಯುವ ನೀರಿನಂಥ ತುರ್ತು ಕೆಲಸಕ್ಕೂ ದಾರಿ ಇದೆ. ಮಾಡಬಾರದ್ದು ಏನೆಂದರೆ ಹೊಸ ಘೋಷಣೆ, ಶಂಕುಸ್ಥಾಪನೆ, ಹೊಸ ಕೆಲಸದ ಆರಂಭ. ಕಾರ್ಯಾದೇಶ (ವರ್ಕ್ ಆರ್ಡರ್) ಕೈಯಲ್ಲಿದ್ದರೂ ನೆಲ ಅಗೆದಿಲ್ಲ ಅಂದರೆ ಶುರು ಮಾಡುವಂತಿಲ್ಲ. ಘೋಷಣೆಗೆ ಮುಂಚಿನ ವಾರ ಗುದ್ದಲಿ ಪೂಜೆಗಳ ಸುಗ್ಗಿ ಆಗೋದು ಇದೇ ಕಾರಣಕ್ಕೆ. ಆಮೇಲೆ ಊರಲ್ಲಿ ಕಾಣೋದು ಹೆಸರುಗಳ ಮೇಲೆ ಬಿಳಿ ಕಾಗದ ಅಂಟಿಸಿದ ಶಂಕುಸ್ಥಾಪನೆ ಕಲ್ಲು, ಪಕ್ಕದಲ್ಲಿ ಎರಡು ಟ್ರ್ಯಾಕ್ಟರ್ ಜಲ್ಲಿ. ಆ ಜಲ್ಲಿ ಸುಮ್ನೆ ಬಿದ್ದಿರೋದಲ್ಲ. ಕೆಲಸ ಶುರುವಾಗಿದೆ ಅಂತ ತೋರಿಸೋಕೆ ಹಾಕಿದ್ದು.

ಉಪಚುನಾವಣೆಯಲ್ಲಿ ಇನ್ನೊಂದು ತೊಡಕು. ಮಹಾನಗರ ಪಾಲಿಕೆ ವ್ಯಾಪ್ತಿಯ ಕ್ಷೇತ್ರವಾದರೆ ಸಂಹಿತೆ ಆ ಕ್ಷೇತ್ರಕ್ಕೆ ಮಾತ್ರ. ಉಳಿದ ಕಡೆ ಇಡೀ ಜಿಲ್ಲೆಗೆ. ಶಿಗ್ಗಾಂವಿಯಲ್ಲಿ ಮತದಾನ ಆದರೂ ರಾಣೆಬೆನ್ನೂರು, ಬ್ಯಾಡಗಿಯಲ್ಲೂ ಹೊಸ ಕೆಲಸಕ್ಕೆ ತಡೆ ಬಿತ್ತು. ಅವರಿಗೆ ಮತ ಹಾಕುವ ಅವಕಾಶವೂ ಇಲ್ಲ, ಕೆಲಸವೂ ಇಲ್ಲ.

ಹಾಗಾದರೆ ಚುನಾವಣೆಗೆ ಸರ್ಕಾರಗಳು ನಿಜಕ್ಕೂ ಹೆದರುತ್ತವಾ? ಹೆದರುತ್ತವೆ. ರಸ್ತೆಗಿಂತ ಚೆನ್ನಾಗಿ ಅದು ಕಾಣೋದು ದರಗಳಲ್ಲಿ. 2017ರ ಜೂನ್‌ನಿಂದ ಪೆಟ್ರೋಲ್ ದರ ದಿನಾ ಬದಲಾಗುತ್ತಿತ್ತು, ಅಲ್ವಾ? 2018ರ ಮೇ 12ಕ್ಕೆ ನಮ್ಮಲ್ಲಿ ಮತದಾನ. ಅದಕ್ಕೂ ಮುಂಚೆ ಏಪ್ರಿಲ್ ಕೊನೆಯಿಂದ 19 ದಿನ ದರ ಅಲುಗಾಡಲೇ ಇಲ್ಲ. ಮತದಾನ ಮುಗಿದು ಎರಡೇ ದಿನಕ್ಕೆ ಮತ್ತೆ ಏರಿತು. 2024ರಲ್ಲಿ ಲೋಕಸಭೆ ಚುನಾವಣೆ ಘೋಷಣೆಯ ಹಿಂದಿನ ದಿನದಿಂದ ಲೀಟರಿಗೆ 2 ರೂಪಾಯಿ ಇಳಿಯಿತು. ಕೇಂದ್ರದವರು ಮಾತ್ರ ಹೀಗೆ ಅಂದುಕೊಳ್ಳಬೇಡಿ. ಫಲಿತಾಂಶ ಬಂದು ಹನ್ನೊಂದು ದಿನಕ್ಕೆ, ಜೂನ್ 15ಕ್ಕೆ, ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿತು. ಪೆಟ್ರೋಲ್‌ಗೆ 3 ರೂಪಾಯಿ ಜಾಸ್ತಿ ಆಯಿತು. ಅದೇ ತಿಂಗಳು ನಂದಿನಿ ಹಾಲಿನ ಪ್ಯಾಕೆಟ್ಟಿಗೆ 50 ಮಿಲಿ ಸೇರಿಸಿ 2 ರೂಪಾಯಿ ಏರಿಸಿದರು.

ನಮ್ಮ ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆಯ ಬಸ್ ದರ ನೋಡಿ. 2020ರ ಫೆಬ್ರವರಿಯಲ್ಲಿ ಏರಿತು. ಆಮೇಲೆ ಏರಿದ್ದು 2025ರ ಜನವರಿ 5ಕ್ಕೆ, ಶೇಕಡಾ 15. ನಡುವೆ ಡೀಸೆಲ್ ಎಷ್ಟು ದುಬಾರಿ ಆಯಿತು ನೆನಪಿಸಿಕೊಳ್ಳಿ. ವಿಧಾನಸಭೆ, ಲೋಕಸಭೆ ಎರಡೂ ಮುಗಿಯುವವರೆಗೆ ಬಸ್ ದರ ಮುಟ್ಟಲಿಲ್ಲ. ಪ್ರಯಾಣಿಕರಿಗೆ ಆಗ ಅನುಕೂಲವೇ ಆಯಿತು. ಆದರೆ ಐದು ವರ್ಷದ ಏರಿಕೆ ಒಂದೇ ಸಲಕ್ಕೆ ಬಂದು ಬಿತ್ತು.

ನಿಮ್ಮ ಹಾನಗಲ್ಲಿನದೇ ಒಂದು ಉದಾಹರಣೆ ಇದೆ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಜಿಲ್ಲೆಯಲ್ಲೇ ಅವರ ಪಕ್ಷ ಸೋತ ಫಲಿತಾಂಶ ಬಂದದ್ದು 2021ರ ನವೆಂಬರ್ 2ಕ್ಕೆ. ಮರುದಿನ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ 5, ಡೀಸೆಲ್ ಮೇಲೆ 10 ರೂಪಾಯಿ ಅಬಕಾರಿ ಸುಂಕ ಇಳಿಸಿತು. ಅಂದೇ ರಾತ್ರಿ ರಾಜ್ಯವೂ 7 ರೂಪಾಯಿ ಇಳಿಸಿತು. ಕೇಂದ್ರ ಅದನ್ನು ದೀಪಾವಳಿಯ ಲೆಕ್ಕಕ್ಕೆ ಸೇರಿಸಿತು. ಹಾನಗಲ್ ಫಲಿತಾಂಶದ ದಿನವೇ ದೇಶದ ಬೇರೆ ರಾಜ್ಯಗಳ ಉಪಚುನಾವಣೆ ಫಲಿತಾಂಶವೂ ಬಂದಿತ್ತು, ಹಾಗಾಗಿ ಹಾನಗಲ್ ಒಂದರಿಂದಲೇ ಆಯಿತು ಅನ್ನಲಾಗದು. ಆದರೂ ಮತ ಎಣಿಕೆಯಾದ ಮರುದಿನವೇ ಇಳಿಸಿದ್ದನ್ನು ಕಾಕತಾಳೀಯ ಅಂತ ನಾನು ನಂಬುವುದಿಲ್ಲ. ಒಂದೇ ಸಲಕ್ಕೆ ಎಲ್ಲ ಚುನಾವಣೆ ಮಾಡೋಣ ಅನ್ನುವವರು ನೀತಿ ಸಂಹಿತೆಯ ತೊಂದರೆ ಹೇಳುತ್ತಾರೆ, ಅದು ನಿಜ ಕೂಡ. ಆದರೆ ನಡುವೆ ಹೀಗೊಂದು ಎಚ್ಚರಿಕೆ ಕೊಡುವ ಅವಕಾಶ ಮತದಾರರಿಗೆ ತಪ್ಪುತ್ತದೆ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಉದ್ಘಾಟನೆಗಳ ವಿಷಯ ಬೇಗ ಮುಗಿಸುತ್ತೇನೆ. ಧಾರವಾಡ ಐಐಟಿ 2016ರಲ್ಲೇ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಆವರಣದಲ್ಲಿ ಶುರುವಾಗಿತ್ತು. ಅದರ ಸ್ವಂತ ಕ್ಯಾಂಪಸ್ಸಿಗೆ ಶಂಕುಸ್ಥಾಪನೆ 2019ರ ಫೆಬ್ರವರಿ 10ಕ್ಕೆ, ಲೋಕಸಭೆ ಚುನಾವಣೆ ಘೋಷಣೆಗೆ ಸರಿಯಾಗಿ ಒಂದು ತಿಂಗಳು ಮೊದಲು. ಉದ್ಘಾಟನೆ 2023ರ ಮಾರ್ಚ್ 12ಕ್ಕೆ, ವಿಧಾನಸಭೆ ಚುನಾವಣೆ ಘೋಷಣೆಗೆ 17 ದಿನ ಮೊದಲು. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಕೂಡ ಅದೇ ದಿನ. ಐಐಟಿ ಬಂದದ್ದು ನಮ್ಮ ಭಾಗಕ್ಕೆ ದೊಡ್ಡ ಸಂಗತಿ, ಅದರಲ್ಲಿ ಎರಡು ಮಾತಿಲ್ಲ. ತಾರೀಖು ಮಾತ್ರ ಚುನಾವಣೆ ನೋಡಿಕೊಂಡು ಇಟ್ಟದ್ದು.

ನನಗೆ ನಿಜವಾಗಿ ನೋವಾಗೋದು ಮಹದಾಯಿ ನದಿ ನೀರಿನ ವಿಷಯದಲ್ಲಿ. ನರಗುಂದದ ರೈತರು 2015ರ ಜುಲೈನಲ್ಲಿ ಧರಣಿ ಕೂತರು. 2017ರ ಡಿಸೆಂಬರ್‌ನಲ್ಲಿ, ಚುನಾವಣೆಗೆ ಐದು ತಿಂಗಳಿರುವಾಗ, ಗೋವಾ ಮುಖ್ಯಮಂತ್ರಿ ಮನೋಹರ್ ಪರಿಕ್ಕರ್ ಬರೆದ ಪತ್ರವನ್ನು ಬಿ.ಎಸ್. ಯಡಿಯೂರಪ್ಪ ಹುಬ್ಬಳ್ಳಿಯ ಸಮಾವೇಶದಲ್ಲಿ ಓದಿದರು. ಕುಡಿಯುವ ನೀರಿನ ಬಗ್ಗೆ ಮಾತುಕತೆಗೆ ಸಿದ್ಧ ಅಂತ ಅದರಲ್ಲಿತ್ತು. ನೀರು ಬರಲಿಲ್ಲ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾ, ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ. 2022ರ ಡಿಸೆಂಬರ್ 29ಕ್ಕೆ, ಮತ್ತೆ ಚುನಾವಣೆಗೆ ಐದು ತಿಂಗಳೊಳಗೆ, ವಿಸ್ತೃತ ಯೋಜನಾ ವರದಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿತು ಅಂತ ಬೆಳಗಾವಿ ಅಧಿವೇಶನದಲ್ಲಿ ಘೋಷಣೆ ಆಯಿತು. ಪಟಾಕಿ ಹಾರಿದವು. ಆದರೆ ಅರಣ್ಯ, ವನ್ಯಜೀವಿ ಅನುಮತಿ ಬೇರೆಯೇ ಬೇಕಿತ್ತು. ಮತದಾನದ ದಿನವೂ ಅದು ಬಂದಿರಲಿಲ್ಲ. ಈ ಹೋರಾಟದಲ್ಲಿ ಒಂದು ತಲೆಮಾರು ವಯಸ್ಸು ಕಳೆದಿದೆ. ಪ್ರತಿ ಚುನಾವಣೆಗೂ ಒಂದೊಂದು ಕಾಗದ ತೋರಿಸಿ ಅವರ ಆಸೆಯನ್ನು ಮತ್ತೆ ಚಿಗುರಿಸೋದು ಸಣ್ಣ ತಪ್ಪಲ್ಲ.

ಮೀಸಲಾತಿಯಲ್ಲೂ ಹೀಗೇ ಆಯಿತು. 2023ರ ಮಾರ್ಚ್ 24ಕ್ಕೆ, ಘೋಷಣೆಗೆ ಐದು ದಿನ ಮೊದಲು, ಮುಸ್ಲಿಮರ ಶೇಕಡಾ 4 ತೆಗೆದು ಒಕ್ಕಲಿಗರಿಗೆ ಮತ್ತು ಲಿಂಗಾಯತರಿಗೆ ತಲಾ 2 ಸೇರಿಸುವ ತೀರ್ಮಾನ ಬಂತು. ಸುಪ್ರೀಂ ಕೋರ್ಟ್ ಪ್ರಶ್ನೆ ಮಾಡಿದ ಮೇಲೆ ಜಾರಿ ಮಾಡುವುದಿಲ್ಲ ಅಂತ ಸರ್ಕಾರವೇ ಹೇಳಬೇಕಾಯಿತು. ಕಳೆದುಕೊಳ್ಳುವ ಭಯ ಒಬ್ಬರಿಗೆ, ಸಿಗದ ಬೇಸರ ಇನ್ನೊಬ್ಬರಿಗೆ.

ಗ್ಯಾರಂಟಿ ಯೋಜನೆಗಳಲ್ಲಿ ಒಂದು ವ್ಯತ್ಯಾಸ ಇದೆ. ವರ್ಷಕ್ಕೆ 50 ಸಾವಿರ ಕೋಟಿಗೂ ಹೆಚ್ಚು ಖರ್ಚು, ಅದರ ಹೊರೆ ಬಗ್ಗೆ ವಾದ ಇರಬಹುದು. ಆದರೆ ಖಾತೆಗೆ 2,000 ಬಂತಾ ಇಲ್ಲವಾ ಅಂತ ಮನೆಯ ಹೆಣ್ಣುಮಗಳೇ ಹೇಳಬಲ್ಲಳು. 2023ರಲ್ಲಿ ಮತ ಎಣಿಕೆ ಮೇ 13ಕ್ಕೆ, ಹೆಣ್ಣುಮಕ್ಕಳಿಗೆ ಬಸ್ ಉಚಿತ ಆದದ್ದು ಜೂನ್ 11ಕ್ಕೆ. ಎಣಿಸಿ ನೋಡಬಹುದಾದ ಭರವಸೆಯನ್ನು ತಪ್ಪಿಸಿಕೊಳ್ಳೋದು ಕಷ್ಟ. "ಮಹದಾಯಿಗೆ ಬದ್ಧ" ಅನ್ನೋದನ್ನು ಹಾಗೆ ಎಣಿಸೋಕಾಗಲ್ಲ.

ಚುನಾವಣೆಯ ಹೊತ್ತಿನಲ್ಲಿ ಕೇಳಿದ್ದು ಎಲ್ಲರಿಗೂ ಸಿಗೋದಿಲ್ಲ ಅನ್ನೋದೂ ಗಮನಿಸಿ. 2023ರ ಮಾರ್ಚ್ 1ಕ್ಕೆ ಸರ್ಕಾರಿ ನೌಕರರು ಮುಷ್ಕರ ಹೂಡಿದರು. ಅಂದೇ ಶೇಕಡಾ 17 ಮಧ್ಯಂತರ ಪರಿಹಾರದ ಆದೇಶ ಬಂತು. ಅವರಿಗೆ ಸಂಘ ಇದೆ, ಕೇಳುವ ಕಾಲ ಗೊತ್ತು. ಊರಿನವರ ಕೈಯಲ್ಲಿರೋದು "ಮತದಾನ ಬಹಿಷ್ಕಾರ" ಅಂತ ಬರೆದ ಒಂದು ಬ್ಯಾನರ್. ತಹಶೀಲ್ದಾರರು ಜೀಪಿನಲ್ಲಿ ಬರುತ್ತಾರೆ, ಗುಡಿ ಕಟ್ಟೆಯ ಮೇಲೆ ಕೂತು ಸಮಾಧಾನ ಹೇಳುತ್ತಾರೆ, ಬ್ಯಾನರ್ ಇಳಿಯುತ್ತದೆ. ಸಂಹಿತೆ ಇರುವಾಗ ಹೊಸ ರಸ್ತೆ ಮಂಜೂರು ಮಾಡಿಸುವ ಅಧಿಕಾರ ಅವರಿಗೆ ಇಲ್ಲ. ಹಾಗಾಗಿ ಆ ಮಾತಿಗೆ ಬೆಲೆ ಕಡಿಮೆ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ. ವರ್ಷಕ್ಕೊಂದು ಚುನಾವಣೆ ಬೇಡ. ಆಗಲೇಬೇಕಾದ ಚುನಾವಣೆ ಸರಿಯಾದ ಹೊತ್ತಿಗೆ ಆಗಬೇಕು. ನಿಮ್ಮ ಊರ ರಸ್ತೆ ಬಹುಮಟ್ಟಿಗೆ ಜಿಲ್ಲಾ ಪಂಚಾಯ್ತಿಯ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿದ್ದು. ಜಿಲ್ಲಾ, ತಾಲೂಕು ಪಂಚಾಯ್ತಿಗೆ ಮತದಾನ ಆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದರು, ಮೀಸಲಾತಿ ಲೆಕ್ಕ ಬಂತು, ಕೋರ್ಟಿಗೆ ಹೋಯಿತು. ಪಕ್ಷ ಯಾವುದೇ ಇರಲಿ, ಅಧಿಕಾರದಲ್ಲಿದ್ದವರಿಗೆ ಅವಸರ ಕಾಣಲಿಲ್ಲ. ವರ್ಷಗಟ್ಟಲೆ ಜಿಲ್ಲಾ ಪಂಚಾಯ್ತಿಯಲ್ಲಿ ಒಬ್ಬ ಸದಸ್ಯರೂ ಇರಲಿಲ್ಲ, ಸಾಮಾನ್ಯ ಸಭೆ ಇರಲಿಲ್ಲ. ಊರಿಗೆ ಬಂದು ಬೈಸಿಕೊಳ್ಳುವವರೇ ಇಲ್ಲ ಅಂದಮೇಲೆ ರಸ್ತೆ ಬಗ್ಗೆ ಯಾರನ್ನು ಕೇಳುತ್ತೀರಿ?

ಹುಬ್ಬಳ್ಳಿ-ಧಾರವಾಡದವರೂ ಇದನ್ನು ಉಂಡಿದ್ದಾರೆ. ಪಾಲಿಕೆಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು. 82 ವಾರ್ಡ್‌ಗಳಿಗೆ ಮತದಾನ ಆದದ್ದು 2021ರ ಸೆಪ್ಟೆಂಬರ್ 3ಕ್ಕೆ. ಮೇಯರ್ ಆಯ್ಕೆ 2022ರ ಮೇ ತಿಂಗಳಲ್ಲಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಊರನ್ನು ಅಧಿಕಾರಿಗಳೇ ನಡೆಸಿದರು. ಚರಂಡಿ ಕಟ್ಟಿಕೊಂಡರೆ ಹೇಳೋಕೆ ವಾರ್ಡಿನ ಸದಸ್ಯರೂ ಇರಲಿಲ್ಲ. ಆ ಲೆಕ್ಕದಲ್ಲಿ ಪಾಲಿಕೆಯ ಈಗಿನ ಅವಧಿ 2027ಕ್ಕೆ ಮುಗಿಯುತ್ತದೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡುವುದಕ್ಕೆ 2025ರ ಜನವರಿಯಲ್ಲಿ ಸಂಪುಟ ಒಪ್ಪಿದೆ. ಧಾರವಾಡದ ಬಹುಕಾಲದ ಬೇಡಿಕೆ ಅದು, ಸಂತೋಷ. ಆದರೆ ವಾರ್ಡ್ ಹೊಸದಾಗಿ ವಿಂಗಡಿಸಬೇಕು ಅನ್ನೋ ಕಾರಣಕ್ಕೆ ಮತದಾನ ಮತ್ತೆ ವರ್ಷಗಟ್ಟಲೆ ಮುಂದೆ ಹೋಗಬಾರದು. ಎರಡೂ ಊರಿನವರು ಇದನ್ನು ಈಗಿನಿಂದಲೇ ಕೇಳಬೇಕು.

ವಿಧಾನಸಭೆ ಚುನಾವಣೆ 2028ಕ್ಕೆ. ನಿಮ್ಮ ರಸ್ತೆ ಚೆನ್ನಾಗಿ ಆಗಬೇಕು ಅಂದರೆ 2028ರ ಫೆಬ್ರವರಿವರೆಗೆ ಕಾಯಬೇಡಿ. ಅದಕ್ಕೂ ಹಿಂದಿನ ವರ್ಷದ ಮಳೆ ನಿಂತ ಕೂಡಲೇ ಕೆಲಸ ಶುರುವಾಗುವ ಹಾಗೆ ಮುಂಚೆಯೇ ಹಿಡಿಯಿರಿ. ಶಾಸಕರು "ಮಾಡಸ್ತೀನಿ ತಗೋರಿ" ಅಂದಾಗ ಮೂರು ತಾರೀಖು ಕೇಳಿ: ಆಡಳಿತಾತ್ಮಕ ಅನುಮೋದನೆ ಯಾವಾಗ, ಟೆಂಡರ್ ಯಾವಾಗ, ಕಾರ್ಯಾದೇಶ ಯಾವಾಗ. ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹೋದ ಸಲ ಹಾಕಿದ ರಸ್ತೆಯ ನಿರ್ವಹಣೆ ಎಷ್ಟು ವರ್ಷ ಗುತ್ತಿಗೆದಾರರ ಮೇಲಿದೆ ಅಂತಲೂ ಅದೇ ಅರ್ಜಿಯಲ್ಲಿ ಕೇಳಿ. ಆ ಅವಧಿ ಇನ್ನೂ ಮುಗಿದಿಲ್ಲದಿದ್ದರೆ ಕಿತ್ತುಹೋದ ಜಾಗವನ್ನು ಅವರೇ ತಮ್ಮ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ಅದು ಹೊಸ ಕಾಮಗಾರಿ ಅಲ್ಲ.